ಬಾಳೆದಿಂಡಿಗೆ ಬಿಟ್ಟ ಹಾಲುತುಪ್ಪ

ನನ್ನ ಮಗಳು ಬದುಕಿರುವಾಗಲೇ ಅವಳ ಹೆಸರಿನಲ್ಲಿ ಹಾಲುತುಪ್ಪ ಬಿಟ್ಟವನು ನನ್ನ ಒಡಹುಟ್ಟಿದ ಅಣ್ಣ. ಅವಳ ಹೆಸರಿನಲ್ಲಿ ಎಂದು ಬರೆದೆ; ಆಗಿನ್ನೂ ಅವಳಿಗೆ ಹೆಸರೇ ಇಟ್ಟಿರಲಿಲ್ಲ. ಸತ್ತವರ ಮಣ್ಣಿನ ಮೇಲೆ ಮೂರನೇ ದಿನ ಬಿಡುವ ಹಾಲನ್ನೂ ತುಪ್ಪವನ್ನೂ ಅವನು ಉಸಿರಾಡುತ್ತಿದ್ದ ಕೂಸಿಗೆ ಬಿಟ್ಟ. ಆ ಕೂಸು ಈಗ ಐದನೇ ತರಗತಿಯಲ್ಲಿ ಓದುತ್ತಿದೆ. ಕಂಡವರೆಲ್ಲ ನನಗೆ ಹೇಳುವುದು ಒಂದೇ ಮಾತು: ಹಳೆಯದು, ಮರೆತುಬಿಡು. ಮರೆಯುವವನು ನಾನಲ್ಲ.

ಅವಳು ಹುಟ್ಟಿದ್ದು ಆರು ತಿಂಗಳು ತುಂಬಿ ಮೇಲೆ ಸ್ವಲ್ಪ ದಿನಕ್ಕೆ. ಹೆಂಡತಿ ಹ್ಯಾಂಡ್‌ಪೋಸ್ಟ್ ಹತ್ತಿರದ ತನ್ನ ತವರಿನಲ್ಲಿದ್ದಳು. ಹೊಟ್ಟೆ ನೋವು ಅಂದಾಗ ಅವರಮ್ಮ ಜೀರಿಗೆ ಕಷಾಯ ಕೊಟ್ಟರು. ನೀರು ಒಡೆದ ಮೇಲೆ ಆಟೋದಲ್ಲಿ ಕೋಟೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ. ನಾನು ಹುಣಸೂರಿನಿಂದ ಬೈಕಿನಲ್ಲಿ ಹೋಗಿ ತಲುಪುವ ಹೊತ್ತಿಗೆ ಮಗು ಗಾಜಿನ ಪೆಟ್ಟಿಗೆಯೊಳಗಿತ್ತು. ಒಂದು ಕೇಜಿ ತೂಗುತ್ತಿರಲಿಲ್ಲ. ಚರ್ಮ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ನರಗಳು ಎಲೆಯ ನರಗಳಂತೆ ಕಾಣುತ್ತಿದ್ದವು. ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ. ಬಾಯಿಗೆ ಕೊಳವೆ, ಹೊಕ್ಕುಳಿಗೆ ಕೊಳವೆ. ನಾನು ಕೊಳವೆ ಮಾಡುವ ಕಸುಬಿನವನು. ಇಷ್ಟು ಸಣ್ಣ ಕೊಳವೆಯನ್ನು ಯಾರು ಮಾಡುತ್ತಾರೋ ಅಂತ ಆ ಸಂಕಟದಲ್ಲೂ ಯೋಚಿಸಿದ್ದು ನೆನಪಿದೆ.

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ಈಗಲೇ ಏನೂ ಹೇಳಕ್ಕಾಗಲ್ಲ. ಉಳಿಯೋದು ಒಂದು ಕಷ್ಟ, ಉಳಿದ ಮೇಲೆ ಬೆಳೆಯೋದು ಇನ್ನೊಂದು ಕಷ್ಟ. ಎರಡಕ್ಕೂ ನೀವು ತಯಾರಿರಬೇಕು" ಅಂದರು. ಅಣ್ಣ ಅಷ್ಟರಲ್ಲಿ ಊರಿನಿಂದ ಬಂದಿದ್ದ. ಹಾರನಹಳ್ಳಿ ಕಡೆಯ ನಮ್ಮ ಊರಿನಲ್ಲಿ ಅಪ್ಪನ ಕಾಲದ ಜಮೀನು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು ಎಲ್ಲ ನೋಡಿಕೊಳ್ಳುತ್ತಿದ್ದವನು ಅವನೇ. ಗಾಜಿನಾಚೆಯಿಂದ ಮಗುವನ್ನು ನೋಡಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ.

"ಉಳಿಯೋ ಮಗು ಅಲ್ಲ ಕಣ್ಲಾ ಅದು" ಅಂದ. "ಯಾಕ್ ಸುಮ್ಕೆ ಆ ಯಂತ್ರಕ್ಕಾಕಿ ನೋಯಿಸ್ತೀರಿ. ಉಳುದ್ರೂ ಏನುಕ್ಕೂ ಬರಾಕಿಲ್ಲ. ಕಣ್ಣಿರಾಕಿಲ್ಲ, ಕಾಲಿರಾಕಿಲ್ಲ. ನಿಮ್ಗಿನ್ನೂ ವಯಸ್ಸದೆ."

ನಾನು ಗಾಜಿನ ಕಡೆಗೆ ವಾಪಸು ನಡೆದೆ. ಉತ್ತರ ಕೊಡದೆ ಇದ್ದದ್ದಕ್ಕೆ ಒಪ್ಪಿದ್ದೇನೆಂದು ತಿಳಿದುಕೊಂಡನೋ ಏನೋ. ಸಂಜೆ ಬಸ್ಸಿಗೆ ಊರಿಗೆ ಹೊರಟುಹೋದ.

ಆಮೇಲಿನ ದಿನಗಳನ್ನು ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕಳೆದೆ. ಮಗುವಿನ ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ನರ್ಸಮ್ಮ ನನ್ನ ಅಂಗಿ ಬಿಚ್ಚಿಸಿ, ಕುರ್ಚಿಯಲ್ಲಿ ಒರಗಿಸಿ, ಮಗುವನ್ನು ಎದೆಯ ಮೇಲೆ ಅಂಗಾತ ಅಲ್ಲ, ಬೋರಲು ಮಲಗಿಸಿ ಬಟ್ಟೆಯಿಂದ ಕಟ್ಟಿದರು. ತಾಯಿಗೆ ಆಪರೇಷನ್ ಗಾಯ ಇನ್ನೂ ಹಸಿಯಿತ್ತು, ಅದಕ್ಕೆ ಅಪ್ಪನ ಎದೆ. ನನ್ನ ಎದೆಯಲ್ಲಿ ವೆಲ್ಡಿಂಗ್ ಕಿಡಿ ಹಾರಿ ಸುಟ್ಟ ಕಲೆಗಳು ತುಂಬಾ ಇವೆ. "ಒತ್ತಲ್ವಾ ಸಿಸ್ಟರ್ ಮಗೀಗೆ?" ಅಂತ ಕೇಳಿದೆ. "ಅದಕ್ಕೆ ಬೇಕಿರೋದು ನಿಮ್ಮ ಬಿಸಿ, ನುಣುಪಲ್ಲ" ಅಂದರು. ಇದ್ದಿಲಿನ ಮೇಲಿನ ಬೂದಿಯಷ್ಟು ಹಗುರವಾಗಿತ್ತು ಅದು. ಆದರೆ ಒಳಗೆ ಕೆಂಡವಿತ್ತು.

ಒಂದು ದಿನ ಬಟ್ಟೆಬರೆ ತರಲು ಊರಿಗೆ ಹೋದೆ; ಆಗ ನಮ್ಮದೂ ಅದೇ ಮನೆ. ಹೊಲದ ದಾರಿಯಲ್ಲೇ ಮನೆಗೆ ಹೋಗಬೇಕು. ಬ್ಯಾರನ್ನಿಗೂ ಮನೆಗೂ ನಡುವೆ ಬದುವಿನ ಮೂಲೆಯಲ್ಲಿ ಒಂದು ಪುಟ್ಟ ಮಣ್ಣಿನ ಗುಪ್ಪೆ. ಮೇಲೆ ಕುಂಕುಮ, ಬಾಡಿದ ಹೂವು, ಪಕ್ಕದಲ್ಲಿ ಹಾಲಿನ ಕಲೆ ಇದ್ದ ಕುಡಿಕೆ. ನಮ್ಮ ಕಡೆ ಎಳೆ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಯಾರ ಮನೆಯ ಮಗು ಹೋಯಿತೋ ಅಂತ ಮರುಕಪಡುತ್ತಲೇ ಮನೆಗೆ ಹೋಗಿ ಅಣ್ಣನನ್ನು ಕೇಳಿದೆ.

ಅವನು ಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಿದ್ದ. ತಲೆ ಎತ್ತಲಿಲ್ಲ. "ನಿಂದೇ ಕಣ್ಲಾ" ಅಂದ.

ನನಗೆ ಅರ್ಥವಾಗಲಿಲ್ಲ.

"ಆವತ್ತು ನಾನು ಆಸ್ಪತ್ರೆಯಿಂದ ಬಂದೆನಲ್ಲ, ಮಳೆ ಇಡ್ಕೊಳ್ಳೋ ಅಂಗಿತ್ತು. ಮಳೆ ಬಂದ್ರೆ ಆ ಜೌಗಲ್ಲಿ ತೋಡಾಕಾಯ್ತದಾ? ಮಗೀನ ತಂದ್ ಮೇಲೆ ಕಾಯ್ಕಂಡು ಕೂರಾಕಾಯ್ತದಾ? ಅದ್ಕೆ ತೋಡ್ಸಿಟ್ಟೆ. ನೀವು ತರನೇ ಇಲ್ಲ."

"ತರನೇ ಇಲ್ಲ ಅಂದ್ರೆ? ನನ್ ಮಗು ಉಸಾರಾಗದೆ ಕಣಣ್ಣಾ!"

"ಇರ್ಲಿ ಬುಡು, ಒಳ್ಳೇದೇ ಆಯ್ತು. ಆದ್ರೆ ತೋಡಿದ ಗುಂಡೀನ ಬರಿದಾಗಿ ಬುಡಬಾರ್ದು. ಅದು ಇನ್ಯಾರ್ನಾರ ಕೇಳ್ತದೆ. ಮನೇಲಿ ನನ್ನ ಎರಡು ಮಕ್ಕಳವೆ. ಬಾಳೆದಿಂಡಿಗೆ ಬಿಳಿ ಬಟ್ಟೆ ಸುತ್ತಿ ಮುಚ್ಚುಸ್ದೊ. ಮುಚ್ಚಿದ್ ಮೇಲೆ ಹಾಲುತುಪ್ಪ ಬುಡ್ದೆ ಇರಾಕಾಯ್ತದಾ?"

ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಹೊಲಕ್ಕೆ ಬೇಲಿ ಹಾಕಿದೆ ಅನ್ನುವ ಹಾಗೆ ಹೇಳಿದ. ಅದೇ ನನಗೆ ಹೆಚ್ಚು ಉರಿಯಿತು. ಜಗಳವಾಡಿ ಮಾಡಿದ್ದರೆ ಜಗಳವಾಡಿ ತೀರಿಸಿಕೊಳ್ಳಬಹುದಿತ್ತು. ತನ್ನ ಮಕ್ಕಳು ಚೆನ್ನಾಗಿರಲಿ ಅಂತ ನನ್ನ ಮಗಳನ್ನು ಗುಂಡಿಗೆ ಬರೆದುಕೊಟ್ಟಿದ್ದ. ಅವತ್ತು ಆ ಮನೆಯಲ್ಲಿ ನೀರು ಕುಡಿಯದೆ ಹೊರಟವನು ಮತ್ತೆ ಹೊಸಿಲು ತುಳಿಯಲಿಲ್ಲ. ದಾರಿಯಲ್ಲಿ ಆ ಕುಡಿಕೆಯನ್ನು ಒದ್ದು ಒಡೆದೆ.

ಅಪ್ಪ ತೀರಿಕೊಂಡಾಗ ಏಳನೇ ಕ್ಲಾಸಿಗೇ ನನ್ನ ಶಾಲೆ ಬಿಡಿಸಿದವನೂ ಇವನೇ. ಅದಕ್ಕೆ ನಾನು ಸೇಡು ಇಟ್ಟುಕೊಂಡಿಲ್ಲ. ಶಾಲೆ ಬಿಟ್ಟಿದ್ದರಿಂದಲೇ ಹುಣಸೂರಿನ ಉಸ್ತಾದರ ಅಂಗಡಿಗೆ ಸೇರಿದೆ, ತಗಡಿನ ಕೆಲಸ ಕಲಿತೆ. ಇವತ್ತು ಪಿರಿಯಾಪಟ್ಟಣ, ಹುಣಸೂರು, ಕೋಟೆ ಮೂರು ತಾಲ್ಲೂಕಿನಲ್ಲಿ ಬ್ಯಾರನ್ ಪೈಪಿಗೆ ನನ್ನ ಕೈಯೇ ಬೇಕು ಅನ್ನುವ ರೈತರಿದ್ದಾರೆ. ಬ್ಯಾರನ್ ಅಂದರೆ ಎತ್ತರದ ಕಿಟಕಿಯಿಲ್ಲದ ಮನೆ. ಹೊರಗೆ ಒಲೆಬಾಯಿಯಲ್ಲಿ ಸೌದೆ ಉರಿಯುತ್ತದೆ. ಹೊಗೆಯೂ ಬಿಸಿಯೂ ನೆಲದ ಮೇಲೆ ಹಾಯುವ ದಪ್ಪ ತಗಡಿನ ಪೈಪಿನೊಳಗೆ ಸುತ್ತಿ ಚಿಮಣಿಯಿಂದ ಹೊರಗೆ ಹೋಗುತ್ತವೆ. ಬಿಸಿ ಮಾತ್ರ ಸೊಪ್ಪಿಗೆ ತಾಗಬೇಕು, ಹೊಗೆ ತಾಗಬಾರದು. ಪೈಪಿನ ಒಂದು ಜಾಯಿಂಟು ಸೋರಿದರೂ ಬೆಳೆದದ್ದೆಲ್ಲ ಕಪ್ಪು. ನನ್ನ ಜಾಯಿಂಟು ಸೋರಿದ್ದನ್ನು ಯಾರೂ ನೋಡಿಲ್ಲ. ಇದನ್ನು ಜಂಭಕ್ಕೆ ಬರೆಯುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಲಿ.

ಮಗಳು ಹುಣಸೂರಿನಲ್ಲಿ ನಾವು ಮಾಡಿಕೊಂಡ ಮನೆಗೆ ಬಂದ ಮೇಲೆ ಡಾಕ್ಟರಮ್ಮ ಹೇಳಿದ್ದ ಎರಡನೇ ಕಷ್ಟ ಶುರುವಾಯಿತು. ಇಂಥ ಮಕ್ಕಳ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಬಾರದಂತೆ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕಂತೆ. ಹಾಗೆ ಎಣಿಸಿದರೂ ಅವಳು ಎಲ್ಲದರಲ್ಲೂ ಹಿಂದೆ. ಕಣ್ಣಿನ ಪರದೆ ಕೆಡುತ್ತಿದೆ ಅಂತ ಆಸ್ಪತ್ರೆಯಲ್ಲಿರುವಾಗಲೇ ಲೇಸರ್ ಹಾಕಿದ್ದರು. ನೋಟ ಉಳಿಯಿತು, ದಪ್ಪ ಕನ್ನಡಕ ಬಂತು. ಕನ್ನಡಕ ಹಾಕಿದ ದಿನ ಮನೆಯ ಹಲ್ಲಿಯನ್ನು ನೋಡಿ ಅರ್ಧ ದಿನ ನಕ್ಕಳು. ಬೇರೆ ಮಕ್ಕಳು ಓಡುವ ವಯಸ್ಸಿಗೆ ಇವಳು ಕೂತಿದ್ದಳು. ಎದ್ದು ನಿಂತಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ, ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಎಡಗಾಲು ಬಿಗಿ. ಕೆ.ಆರ್. ನಗರದಲ್ಲಿ ಕಾಲಿನ ವ್ಯಾಯಾಮ ಮಾಡಿಸುವ ಒಬ್ಬಮ್ಮ ಇದ್ದರು. ವಾರ ವಾರ ಬಸ್ಸಿನಲ್ಲಿ ಹೆಂಡತಿ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಎರಡು ಕಂಬಿಗಳ ನಡುವೆ ನಡೆಸುತ್ತಾರೆ ಅಂದಳು. ಮಾರನೇ ದಿನವೇ ಪೈಪಿನಲ್ಲಿ ಅಂಥದೇ ಎರಡು ಕಂಬಿ ಮಾಡಿ ಮನೆಯ ಪಡಸಾಲೆಯಲ್ಲಿ ನೆಟ್ಟೆ. ಮನೆಗೆ ಬಂದವರು ಎಡವುತ್ತಿದ್ದರು. ಎಡವಲಿ.

ಅವಳು ಆ ಕಂಬಿ ಬಿಟ್ಟು ಮೊದಲ ಸಲ ನನ್ನ ಕಡೆಗೆ ನಡೆದು ಬಂದ ದಿನ ಹೆಂಡತಿ ಅತ್ತಳು. ನನಗೆ ಬಂದದ್ದು ಅಳು ಅಲ್ಲ. 'ಕಾಲಿರಾಕಿಲ್ಲ' ಅಂದಿದ್ದನಲ್ಲ, ಅವನನ್ನು ಕರೆದುಕೊಂಡು ಬಂದು ಇಲ್ಲಿ ನಿಲ್ಲಿಸಬೇಕು ಅನ್ನಿಸಿತು. ಅವಳ ಪ್ರತಿಯೊಂದು ಗೆಲುವಿನಲ್ಲೂ ನನಗೆ ಕಾಣುತ್ತಿದ್ದುದು ಅಣ್ಣನ ಮುಖ.

ನಂಟರು ಎರಡು ತರ. 'ದೊಡ್ಡೋಳಾಗ್ತಾ ಎಲ್ಲಾ ಸರಿಹೋಯ್ತದೆ' ಅನ್ನುವವರು, 'ಪಾಪ' ಅನ್ನುವವರು. ಡಾಕ್ಟರಮ್ಮ ಒಬ್ಬರೇ ನಿಜ ಹೇಳಿದವರು. "ಕೆಲವು ಸರಿಹೋಗ್ತವೆ, ಕೆಲವು ಅವಳ ಜೊತೆಗೇ ಬೆಳೀತವೆ." ಹಾಗೇ ಆಯಿತು. ಮಾತು ತಡವಾಗಿ ಬಂತು; ಬಂದ ಮೇಲೆ ನಿಲ್ಲಲಿಲ್ಲ. ಕಥೆಯನ್ನು ಒಂದು ಸಲ ಕೇಳಿದರೆ ಸಾಕು, ಹಾಗೇ ಒಪ್ಪಿಸುತ್ತಾಳೆ. ಆದರೆ ಬೋರ್ಡಿನ ಮೇಲಿನದನ್ನು ನೋಡಿ ಬರೆಯುವಾಗ ಸಾಲು ತಪ್ಪುತ್ತದೆ. ಕಳೆಯುವ ಲೆಕ್ಕ ಇವತ್ತು ಬಂದರೆ ನಾಳೆ ಇಲ್ಲ. ಚಳಿ ಬಂದರೆ ಎದೆ ಕಟ್ಟುತ್ತದೆ, ಉಸಿರಿಗೆ ಔಷಧಿಯ ಪಂಪನ್ನು ಬಾಯಿಗೆ ಹಿಡಿಯಬೇಕು. ಎಲ್ಲಕ್ಕಿಂತ ಕಷ್ಟ ಬೆರಳಿನ ಕೆಲಸ. ಗುಂಡಿ ಹಾಕಲು, ಜಡೆಗೆ ಟೇಪು ಕಟ್ಟಲು, ಪೆನ್ಸಿಲ್ ಚೂಪು ಮಾಡಲು ಅವಳಿಗೆ ಬೇರೆಯವರ ಎರಡರಷ್ಟು ಹೊತ್ತು ಬೇಕು. ಯಾರಾದರೂ ನೆರವಿಗೆ ಕೈ ಚಾಚಿದರೆ, "ನಂಗ್ ಬತ್ತದೆ, ನೀವು ಸುಮ್ನಿರಿ" ಅಂತ ಕೈ ತಳ್ಳುತ್ತಾಳೆ. ಆ ಹಟ ನನ್ನದು.

ನಮ್ಮ ಮನೆತನದಲ್ಲಿ ಒಂದು ನಡೆ ಇದೆ. ಶ್ರಾವಣದಲ್ಲಿ ಮೊದಲ ಸಲ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನ ತುಂಬ ಏರಿಸಿದ ಮೇಲೆ ಆ ವರ್ಷದ ಮೊದಲ ಬೆಂಕಿಯನ್ನು ಮನೆಯ ಮಗುವೊಂದು ಹಚ್ಚಬೇಕು. ದೊಡ್ಡವರು ಮುಟ್ಟಬಾರದು. ಕರೆಯುವುದಕ್ಕೂ ಕ್ರಮವಿದೆ: ಮನೆಯ ಯಜಮಾನ ಎಲೆ ಅಡಿಕೆ ಇಟ್ಟು ಮಗುವನ್ನೇ ಕರೆಯಬೇಕು. ನಾನು ಚಿಕ್ಕವನಿದ್ದಾಗ ಹಚ್ಚಿದ್ದೇನೆ, ಅಣ್ಣ ಹಚ್ಚಿದ್ದಾನೆ, ಅವನ ಮಕ್ಕಳು ಹಚ್ಚಿದರು. ಅವರು ದೊಡ್ಡವರಾದ ಮೇಲೆ ಅಣ್ಣ ಚಿಕ್ಕಪ್ಪನ ಮೊಮ್ಮಕ್ಕಳನ್ನು ಕರೆದ. ನನ್ನ ಮಗಳನ್ನು ಕರೆಯಲಿಲ್ಲ. ಅವನ ಲೆಕ್ಕದಲ್ಲಿ ಅವಳು ಬದುವಿನ ಮೂಲೆಯಲ್ಲಿದ್ದಳು.

ಒಂದು ಮದುವೆಯಲ್ಲಿ ಆ ಮಕ್ಕಳ ಬಾಯಿಂದ ಈ ವಿಷಯ ಕೇಳಿಕೊಂಡು ಬಂದು ಅವಳು ನನ್ನನ್ನು ಕೇಳಿದಳು: "ಅಪ್ಪ, ದೊಡ್ಡಪ್ಪನ ಬ್ಯಾರನ್‌ಗೆ ನಾನ್ಯಾವಾಗ ಬೆಂಕಿ ಹಚ್ಚೋದು?"

"ಕರೀಲಿ, ಹಚ್ಚೀಯಂತೆ."

"ಯಾವಾಗ ಕರೀತಾರೆ?"

ಅವತ್ತು ನನ್ನ ಸೇಡಿಗೆ ಒಂದು ಆಕಾರ ಬಂತು. ಅಣ್ಣ ನನ್ನ ಮನೆಗೆ ಬಂದು ಅವಳ ಮುಂದೆ ಎಲೆ ಅಡಿಕೆ ಇಡಬೇಕು. ತನ್ನ ವರ್ಷದ ಬೆಳೆಯನ್ನೆಲ್ಲ ಅವಳ ಕೈಗೆ ಕೊಟ್ಟು ಕಾಯಬೇಕು. ಏನಕ್ಕೂ ಬಾರದು ಅಂದ ಕೈ ಅದು. ನಾನು ಕಾದೆ. ತಗಡು ಎಲ್ಲಿದ್ದರೂ ತುಕ್ಕು ಹಿಡಿಯುತ್ತದೆ, ಅವನ ಬ್ಯಾರನ್ನಿನದೂ ಹಿಡಿಯುತ್ತದೆ ಅಂತ ನನಗೆ ಗೊತ್ತಿತ್ತು.

ಈ ಶ್ರಾವಣದಲ್ಲಿ ಅದು ಆಯಿತು. ಅಣ್ಣ ಬೇರೆ ಯಾರದೋ ಕೈಯಲ್ಲಿ ಹೊಸ ಪೈಪು ಹಾಕಿಸಿಕೊಂಡಿದ್ದ. ಸೊಪ್ಪು ಮುರಿದು, ಕಟ್ಟಿ, ಏರಿಸಿಯೂ ಆದ ಮೇಲೆ ಜಾಯಿಂಟುಗಳಲ್ಲಿ ಬೆರಳು ತೂರುವಷ್ಟು ಸಂದಿ ಇದೆ ಅಂತ ಅವನಿಗೆ ಕಂಡಿತು. ಮುರಿದ ಹಸಿ ಸೊಪ್ಪು ಕಾಯುವುದಿಲ್ಲ, ಬ್ಯಾರನ್ನಿನಲ್ಲೇ ಬೆವರಿ ಕೊಳೆಯುತ್ತದೆ. ಆ ಸಮಯದಲ್ಲಿ ಕೈ ಖಾಲಿ ಇರುವ ಕೆಲಸಗಾರ ಮೂರು ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಅಣ್ಣ ಎದುರಿಗೆ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಉಸ್ತಾದರು ಈಗ ಕೆಲಸ ಮಾಡುವುದಿಲ್ಲ, ಬೆಳಗ್ಗೆ ಬಂದು ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಚಹಾ ಕುಡಿಯುತ್ತಾರೆ. ಅವರಿಗೆ ಎಲ್ಲ ಗೊತ್ತು. ಅಣ್ಣನನ್ನು ನೋಡಿ, "ಬನ್ನಿ ಯಜಮಾನ್ರೇ, ಬನ್ನಿ. ದಾರಿ ತಪ್ತಾ?" ಅಂದರು.

ಅಣ್ಣ ನನಗೇ ಹೇಳಿದ. "ಪೈಪು ಸೋರ್ತದೆ ಕಣ್ಲಾ. ಸೊಪ್ಪು ಏರ್ಸಾಗದೆ. ಬಂದು ಒಸಿ ನೋಡು."

"ಹಾಕ್ದೋನ್ನೇ ಕರಿ."

"ಅವ್ನು ಫೋನೇ ಎತ್ತಾಕಿಲ್ಲ."

"ನಾನೂ ಎತ್ತಾಕಿಲ್ಲ ಅಂದ್ಕೊ."

"ಅದು ಅಪ್ಪನ ಬ್ಯಾರನ್ನು ಕಣ್ಲಾ, ನಂದೊಬ್ಬಂದೇ ಅಲ್ಲ."

"ಹಂಗಾದ್ರೆ ಅಪ್ಪನ ಮೊಮ್ಮಗಳು ಹಚ್ಲಿ ಮೊದಲ್ನೇ ಬೆಂಕಿ" ಅಂದೆ. "ನೀನು ನನ್ ಮನೆಗೆ ಬಂದು ಅವಳ ಮುಂದೆ ಎಲೆ ಅಡಿಕೆ ಮಡಗಿ ಕರೀಬೇಕು. ಆಗ ಬತ್ತೀನಿ. ಇಲ್ದಿದ್ರೆ ಕೊಳೀಲಿ."

ಅಣ್ಣ ತಗಡಿನ ರಾಶಿಯ ಕಡೆ ತಿರುಗಿದ. "ಆ ಮಗೀಗೆ ಕೈ ಸರಿಯಾಗಿ ಬರಾಕಿಲ್ಲ ಅಂತಾರೆ" ಅಂದ.

"ಯಾರಂದ್ರು?"

"ಎಲ್ರೂ ಅಂತಾರೆ."

ಉಸ್ತಾದರು ಚಹಾದ ಲೋಟ ಕೆಳಗಿಟ್ಟರು. "ಬಾಳೆದಿಂಡಿಗೆ ಕೈ ಹೆಂಗೆ ಬರ್ತದೆ ಯಜಮಾನ್ರೇ? ನೀವು ಹೂತಿದ್ದು ಅದನ್ನೇ ಅಲ್ವಾ. ಈಕೆ ಬೇರೆ. ಹೋಗಿ, ಬಜಾರಲ್ಲಿ ಒಳ್ಳೆ ಎಲೆ ಸಿಕ್ತದೆ, ತಗೊಂಡು ಬನ್ನಿ."

ಅಣ್ಣ ಹೋದ. ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಸಂತೋಷಪಡುತ್ತಾಳೆ ಅಂತ ತಿಳಿದಿದ್ದೆ. ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು ನನ್ನ ಮುಂದೆ ಬಂದು ನಿಂತಳು.

"ನಿಮ್ ಅಣ್ಣತಮ್ಮಂದ್ರ ಸೇಡಿಗೆ ನನ್ ಮಗಳೇ ಬೇಕಾ? ಒಲೆಬಾಯಿ ಮುಂದೆ ಕೂರ್ಸಿ ಅವಳೆದೆಗೆ ಹೊಗೆ ತುಂಬುಸ್ತೀರಾ?"

"ಹೊಗೆ ಈಚೆಗೆ ಬರಾಕಿಲ್ಲ. ನಾನ್ ಪೈಪ್ ಹಾಕ್ದಾಗ ಬಂದದ್ದು ನೋಡಿದ್ದೀಯಾ?"

"ಹೊಗೆ ಬರಾಕಿಲ್ಲ ಸರಿ. ಕಡ್ಡಿ ಹತ್ತಲಿಲ್ಲ ಅಂದ್ರೆ? ಊರೋರೆಲ್ಲ ನಿಂತಿರ್ತಾರೆ. 'ನೋಡ್ದಾ, ನಾವು ಅಂದಿದ್ದೇ ಸರಿ' ಅಂತಾರೆ. ನಿಮ್ಗೇನು, ನಿಮ್ ಸೇಡು ಕೆಡ್ತದೆ. ಅವಳ್ಗೆ ಏನು ಕೆಡ್ತದೆ ಅಂತ ಯೋಚ್ನೆ ಮಾಡಿದ್ರಾ?"

ಅದು ನಿಜವಾದ ಮಾತು. ಅವಳು ಬೆಂಕಿಕಡ್ಡಿ ಗೀರಿದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ. ಮನೆಯಲ್ಲಿದ್ದುದು ಗ್ಯಾಸಿನ ಲೈಟರು. ಬೆರಳಿನ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದು ಅವಳಿಗೆ ಇನ್ನೊಂದಿಲ್ಲ. ಒಂದು ಕೈಯಲ್ಲಿ ಪೊಟ್ಟಣ, ಒಂದು ಕೈಯಲ್ಲಿ ಕಡ್ಡಿ, ಎರಡೂ ಬೇರೆ ಬೇರೆ ಕೆಲಸ ಮಾಡಬೇಕು. ಎಲ್ಲರ ಮುಂದೆ ಸೋತರೆ, ಅಣ್ಣನ ಮಾತು ಅವಳ ಕಿವಿಗೆ ಬಿದ್ದು ಅವಳೊಳಗೇ ಉಳಿದುಬಿಡುತ್ತದೆ. ಸಾಕು ಬಿಡು ಅಂತ ಒಂದು ಗಳಿಗೆ ಅನ್ನಿಸಿದ್ದೂ ನಿಜ.

ಅಷ್ಟರಲ್ಲಿ ಅಣ್ಣ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಪಡಸಾಲೆಗೆ ಬರುವಾಗ ಕಂಬಿಗೆ ಎಡವಿದ. ಅವಳು ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಕನ್ನಡಕದೊಳಗಿಂದ ಅವನನ್ನು ನೋಡಿ ಎದ್ದಳು. ಅವನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಗಾಜಿನ ಪೆಟ್ಟಿಗೆಯ ದಿನದ ನಂತರ ಅದೇ ಮೊದಲು. ಟವೆಲಿನ ತುದಿಯಲ್ಲಿದ್ದ ಎಲೆ ಅಡಿಕೆ ತೆಗೆದು ಅವಳ ಮುಂದೆ ಇಟ್ಟ.

"ಅವ್ವಾ, ನಾಳೆ ಬೆಳಗ್ಗೆ ಬ್ಯಾರನ್‌ಗೆ ಬೆಂಕಿ ಹಚ್ಬೇಕು. ನೀನು ಬರ್ಬೇಕು."

"ನಾನಾ?" ಅವಳು ನನ್ನ ಕಡೆ ನೋಡಿ ಮತ್ತೆ ಅವನ ಕಡೆ ನೋಡಿದಳು. "ದೊಡ್ಡಪ್ಪ, ಬ್ಯಾರನ್ನು ನಮ್ ಮನೇಗಿಂತ ಎತ್ತರ ಅದಾ? ಒಳಗೆ ಕತ್ಲಿರ್ತದಾ? ಕಡ್ಡಿ ನೀವ್ ಕೊಡ್ತೀರಾ, ನಾನ್ ತರ್ಬೇಕಾ? ಇಷ್ಟ್ ದಿನ ಯಾಕ್ ಕರೀಲಿಲ್ಲ?"

ಕೊನೆಯ ಪ್ರಶ್ನೆಗೆ ಅಣ್ಣ ಬಾಗಿಲ ಕಡೆ ನೋಡಿದ. ನಾನೂ ಅವನಿಗೆ ನೆರವಾಗಲಿಲ್ಲ. ಅವಳು ಉತ್ತರಕ್ಕಾಗಿ ಕಾದಳು. ಅವಳಿಗೆ ಕಾಯುವುದು ಅಭ್ಯಾಸ. ಕೊನೆಗೆ ಅವನು, "ಬಾವ್ವಾ ಮತ್ತೆ" ಅಂತ ಹೇಳಿ ಹೊರಗೆ ಹೋದ.

ಹೆಂಡತಿ ಪಕ್ಕದ ಅಂಗಡಿಗೆ ಹೋಗಿ ಒಂದು ಕಟ್ಟು ಬೆಂಕಿಪೊಟ್ಟಣ ತಂದಳು. ಹಿತ್ತಲಲ್ಲಿ ಮಗಳನ್ನು ಕೂರಿಸಿಕೊಂಡಳು. ಕಡ್ಡಿ ಮುರಿಯುವ ಸದ್ದು, "ಅಂಗಲ್ಲ ಕಣವ್ವ, ನಿನ್ ಕಡೇಗಲ್ಲ, ಆಕಡೆ ಗೀರು" ಅನ್ನುವ ಅವಳ ದನಿ, ಮತ್ತೆ ಮುರಿಯುವ ಸದ್ದು. ನಾನು ಸಾಮಾನು ಕಟ್ಟಿಕೊಂಡು ಹೊರಡುವವರೆಗೂ ಒಂದು ಕಡ್ಡಿಯೂ ಹತ್ತಿರಲಿಲ್ಲ.

ಆ ದಿನ ಅಪ್ಪನ ಬ್ಯಾರನ್ನಿನಲ್ಲಿ ನಾನು ಮಾಡಿದ ಕೆಲಸದಂಥ ಕೆಲಸ ಯಾವ ರೈತನಿಗೂ ಮಾಡಿಲ್ಲ. ಪೈಪಿನ ಜಾಯಿಂಟುಗಳನ್ನೆಲ್ಲ ಬಿಚ್ಚಿ ಹೊಸ ಪಟ್ಟಿ ಹೊಡೆದೆ, ಮಣ್ಣು ಮೆತ್ತಿದೆ, ಚಿಮಣಿಯನ್ನು ಒಂದು ತಗಡು ಎತ್ತರಿಸಿದೆ. ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವನ ಸೊಪ್ಪಿಗಾಗಿ ಮಾಡಿದ್ದಲ್ಲ ಅದು. ಒಲೆಬಾಯಿಯ ಮುಂದೆ ಕೂರುವ ಒಂದು ಬಡ ಎದೆಗಾಗಿ ಮಾಡಿದ್ದು. ಕೊನೆಗೆ ಒಂದು ಊದಿನಕಡ್ಡಿ ಹಚ್ಚಿ ಒಲೆಬಾಯಿಗೆ ಹಿಡಿದೆ. ಅದರ ಹೊಗೆ ಯಾರೋ ಒಳಗಿಂದ ಹೀರಿಕೊಂಡ ಹಾಗೆ ಬಾಗಿ ಒಳಗೆ ಹೋಯಿತು.

ಮಾರನೇ ಬೆಳಗ್ಗೆ ಅವಳು ಹೊಸ ಲಂಗ ಹಾಕಿಕೊಂಡು, ಬಿಗಿಯಾದ ಕಾಲನ್ನು ಎಳೆದುಕೊಂಡು ಬದುವಿನ ಮೇಲೆ ನಡೆದು ಬಂದಳು. ಆ ಮೂಲೆಯನ್ನೂ ದಾಟಿ ಬಂದಳು. ಅಲ್ಲಿ ಈಗ ಏನೂ ಕಾಣುವುದಿಲ್ಲ, ಹುಲ್ಲು ಬೆಳೆದಿದೆ. ಊರವರು ಸೇರಿದ್ದರು. ಒಲೆಬಾಯಿಯಲ್ಲಿ ಸಣ್ಣ ಒಣಕಡ್ಡಿಯ ಪುರಲೆ, ಕರ್ಪೂರ, ಮೇಲೆ ಒಣ ಸೌದೆ. ಅಣ್ಣ ಪೂಜೆ ಮಾಡಿ ಅವಳ ಕೈಗೆ ಬೆಂಕಿಪೊಟ್ಟಣ ಕೊಟ್ಟ.

ಮೊದಲನೇ ಕಡ್ಡಿ ಮುರಿಯಿತು. ಎರಡನೆಯದು ಕೈಯಿಂದ ಜಾರಿತು. ಅವಳು ಬಗ್ಗಿ ಹುಡುಕಿ ಎತ್ತಿಕೊಂಡಳು. ಆಮೇಲಿನದು ಹತ್ತಿ ಕರ್ಪೂರ ಮುಟ್ಟುವ ಮೊದಲೇ ಆರಿತು. ಯಾರೋ ನಕ್ಕರು. ಯಾರೋ, "ಯಾರಾರ ಕೈ ಇಡ್ಕಂಡು ಹಚ್ಸಿ ಸಿವಾ" ಅಂದರು. ಒಬ್ಬ ಮುದುಕಮ್ಮ ಮುಂದೆ ಬಂದು ಅವಳ ಕೈ ಹಿಡಿಯಲು ಹೋದಳು.

"ನಂಗ್ ಬತ್ತದೆ, ನೀವು ಸುಮ್ನಿರಿ" ಅಂದಳು ಅವಳು.

ಹೆಂಡತಿ ನನ್ನ ತೋಳನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನು ಅಣ್ಣನನ್ನೇ ನೋಡುತ್ತಿದ್ದೆ. ಅವನ ಹಿಂದೆ ಬ್ಯಾರನ್ನಿನ ತುಂಬ ಅವನ ಸೊಪ್ಪು ನೇತಾಡುತ್ತಿತ್ತು, ನಿನ್ನೆಯಿಂದಲೇ ಬೆವರುತ್ತಿತ್ತು. ಅವನು ಹಣೆ ಒರೆಸಿಕೊಂಡ. ಕಾಲು ಬದಲಿಸಿದ. ಆ ಕೈಯ ನಿಧಾನಕ್ಕೆ ಅವನು ಕಾಯಬೇಕು. ಬೇರೆ ದಾರಿಯೇ ಇಲ್ಲ, ದೊಡ್ಡವರು ಮುಟ್ಟುವಂತಿಲ್ಲ. ಅವಳು ಗುಂಡಿ ಹಾಕುವಾಗ ನಾವು ಕಾದಂತೆ, ಅವಳು ನಡೆಯಲು ನಾವು ಕಾದಂತೆ ಅವನೂ ಕಾದ. ಕಡ್ಡಿ ಮುರಿದಾಗಲೆಲ್ಲ ನನ್ನ ಎದೆಯಲ್ಲಿ ಒಂದು ಕಡೆ ನೋವು, ಒಂದು ಕಡೆ ತಣ್ಣಗೆ.

ಪೊಟ್ಟಣ ಖಾಲಿಯಾಯಿತು. ಅವಳು ಅದನ್ನು ಅಲುಗಾಡಿಸಿ ನೋಡಿ ತಲೆ ಎತ್ತಿದಳು. ಅವಳ ಮುಖದಲ್ಲಿ ನಾಚಿಕೆ ಹುಡುಕಿದೆ. ಇರಲಿಲ್ಲ. ಬೆವರಿತ್ತು, ಅಷ್ಟೆ.

"ದೊಡ್ಡಪ್ಪ, ಇನ್ನೊಂದು ಪೊಟ್ಟಣ ಅದಾ?"

ಗುಂಪಿನಲ್ಲಿ ಒಬ್ಬ ಹುಡುಗ ಮನೆಯ ಕಡೆ ಓಡಲು ತಿರುಗಿದ. ನಾನು ಅವನ ಹೆಗಲು ಹಿಡಿದು ನಿಲ್ಲಿಸಿದೆ.

"ಕರೆದೋನು ನೀನು" ಅಂದೆ ಅಣ್ಣನಿಗೆ. "ನೀನೇ ಹೋಗಿ ತತ್ತಾ."

ಅಣ್ಣ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು. ಮನೆಗೆ ಹೋಗುವ ದಾರಿ ಬದುವಿನ ಮೂಲೆಯ ಮೇಲೇ ಹಾಯುತ್ತದೆ. ಪಂಚೆ ಎತ್ತಿ ಕಟ್ಟಿಕೊಂಡು ಹೊರಟ. ಬಿಳಿ ಕೂದಲಿನ ಆ ಮನುಷ್ಯ ಹುಲ್ಲು ಬೆಳೆದ ಆ ಜಾಗದ ಹತ್ತಿರ ಒಂದು ಕ್ಷಣ ನಿಂತು, ಬಲಕ್ಕೆ ಸರಿದು, ಅದನ್ನು ತುಳಿಯದೆ ದಾಟಿದ. ಬರುವಾಗ ಓಡುತ್ತಲೇ ಬಂದ. ಉಸಿರು ಏರಿತ್ತು. ಎರಡು ಪೊಟ್ಟಣ ತಂದಿದ್ದ. ಒಂದನ್ನು ಬಿಚ್ಚಿ, ಕಡ್ಡಿಗಳು ಅರ್ಧ ಹೊರಗೆ ಬರುವಂತೆ ಹಿಡಿದು, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ತಕ್ಕವ್ವ" ಅಂದ. "ನಿಧಾನ್ಕೆ ಹಚ್ಚು."

ಎರಡೋ ಮೂರೋ ಕಡ್ಡಿ ಮತ್ತೆ ಹೋಯಿತು. ಆಮೇಲೆ ಒಂದು ಹತ್ತಿತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಕರ್ಪೂರಕ್ಕೆ ತಾಗಿಸಿದಳು. ಪುರಲೆ ಚಟಪಟ ಅಂದಿತು. ಬೆಂಕಿ ಒಳಗೆ ಬಾಗಿತು. ಹೊಗೆ ಒಂದು ಎಳೆಯೂ ಈಚೆಗೆ ಬರಲಿಲ್ಲ, ಮೇಲೆ ಚಿಮಣಿಯಲ್ಲಿ ನೇರವಾಗಿ ಎದ್ದಿತು. ಅವಳು ಕೆಮ್ಮಲಿಲ್ಲ.

ಊಟಕ್ಕೆ ನಿಲ್ಲಿ ಅಂದರು. ಹೆಂಡತಿ ಮಗಳು ಉಂಡರು. ನಾನು ಬೈಕಿನ ಹತ್ತಿರ ನಿಂತಿದ್ದೆ. ಅಣ್ಣ ಒಂದು ಚೊಂಬು ನೀರು ತಂದು ಮುಂದೆ ಹಿಡಿದ.

"ಈಗ್ಲಾರ ತೀರ್ತೇನ್ಲಾ ನಿನ್ ಸಿಟ್ಟು?"

"ಇಲ್ಲ" ಅಂದೆ. ನೀರು ಮುಟ್ಟಲಿಲ್ಲ. "ಮುಂದಿನ ಶ್ರಾವಣಕ್ಕೂ ಎಲೆ ಅಡಿಕೆ ತಕ್ಕಂಡು ಬಾ. ಅವಳನ್ನೇ ಕರಿ."

ಅವನು ಚೊಂಬು ಹಿಡಿದುಕೊಂಡೇ ನಿಂತಿದ್ದ. ಒಳಗಿನಿಂದ ಮಗಳು ಬಂದು, ಉಳಿದ ಬೆಂಕಿಪೊಟ್ಟಣ ತಾನು ಮನೆಗೆ ತೆಗೆದುಕೊಂಡು ಹೋಗಬಹುದೇ ಅಂತ ಅವನನ್ನು ಕೇಳಿದಳು. ಕೊಡಬೇಡ ಅಂತ ಅವಳಮ್ಮ ಒಳಗಿನಿಂದಲೇ ಕೂಗಿದಳು. ಅವನು ಕೊಟ್ಟ.